ದುಡಿಮೆಯ ಹಕ್ಕು ಮತ್ತು ಸಲಿಂಗಪ್ರೇಮಿ ಪುರುಷ: ಸಭೆಯ ಮುಂದಿರುವ ಒಂದು ನ್ಯಾಯಪ್ರಶ್ನೆ

ಸಲಿಂಗಪ್ರೇಮವನ್ನು ಕುರಿತು ಕ್ರೈಸ್ತ ಸಭೆಗಳಲ್ಲಿ ಚರ್ಚೆ ಎದ್ದಾಗಲೆಲ್ಲ ಅದು ಬಹುಮಟ್ಟಿಗೆ ಎರಡು ವಿಷಯಗಳ ಸುತ್ತಲೇ ಸುತ್ತುತ್ತದೆ. ಒಂದು ವಿವಾಹ, ಇನ್ನೊಂದು ಗುರುದೀಕ್ಷೆ. ಈ ಎರಡರ ನಡುವೆ ಸಾಮಾನ್ಯವಾಗಿ ಕಣ್ತಪ್ಪಿಹೋಗುವ ಮೂರನೆಯದೊಂದು ಇದೆ. ಅದು ಅನ್ನದ ಪ್ರಶ್ನೆ. ಒಬ್ಬ ಪುರುಷನು ಪುರುಷರ ಕಡೆಗೆ ಒಲವುಳ್ಳವನೆಂಬ ಕಾರಣಕ್ಕಾಗಿ ಅವನ ಕೆಲಸವನ್ನು ಕಿತ್ತುಕೊಳ್ಳುವುದು, ಬಡ್ತಿಯನ್ನು ತಡೆಹಿಡಿಯುವುದು, ಅಥವಾ ಅವನು ದಿನವೂ ಸುಳ್ಳಿನ ಮರೆಯಲ್ಲಿಯೇ ದುಡಿಯುವಂತೆ ಮಾಡುವುದು ದೇವರ ನ್ಯಾಯಕ್ಕೆ ಒಪ್ಪುವಂಥದೇ? ಮೊದಲೆರಡು ವಿಷಯಗಳಲ್ಲಿ ಸಭೆಗಳು ಒಮ್ಮತಕ್ಕೆ ಬಂದಿಲ್ಲ; ಬೇಗನೆ ಬರುವ ಸೂಚನೆಯೂ ಇಲ್ಲ. ಆದರೆ ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ಆ ಒಮ್ಮತಕ್ಕಾಗಿ ಕಾಯಬೇಕಾಗಿಲ್ಲವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯ ನಮಗೆ ದೂರದ್ದಲ್ಲ. ಕನ್ನಡ ನಾಡಿನ ಸಭೆಗಳು ಶಾಲೆ, ಕಾಲೇಜು, ಆಸ್ಪತ್ರೆ, ವಸತಿನಿಲಯಗಳನ್ನು ನಡೆಸುತ್ತವೆ. ಇಂದು ಸೆಮಿನರಿಯ ಬೆಂಚಿನಲ್ಲಿ ಕುಳಿತಿರುವ ವಿದ್ಯಾರ್ಥಿ ನಾಳೆ ಒಂದು ಶಾಲೆಯ ಸಂಚಾಲಕನಾಗಿ ನೇಮಕಾತಿಯ ಕಡತಕ್ಕೆ ಸಹಿ ಹಾಕಬೇಕಾದೀತು. ಆದುದರಿಂದ ಅವನು ಈ ಪ್ರಶ್ನೆಯನ್ನು ಬೋಧಕನಾಗಿ ಮಾತ್ರವಲ್ಲ, ಸಂಬಳ ಕೊಡುವ ಯಜಮಾನನಾಗಿಯೂ ಎದುರಿಸಬೇಕಾಗುತ್ತದೆ.

೧. ಸರಕಾರವೇ ಹೊರಹಾಕಿದಾಗ

ಉದ್ಯೋಗದಿಂದ ಸಲಿಂಗಪ್ರೇಮಿಗಳನ್ನು ವ್ಯವಸ್ಥಿತವಾಗಿ ಹೊರಗಟ್ಟಿದ ಚರಿತ್ರೆಯಲ್ಲಿ ಹೆಚ್ಚಿನ ದಾಖಲೆಗಳಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದ್ದು. 1950ರ ಫೆಬ್ರವರಿಯಲ್ಲಿ ಅಲ್ಲಿನ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಜಾನ್ ಪ್ಯೂರಿಫೋಯ್ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ಕೊಡುತ್ತಾ, ಇಲಾಖೆಯಿಂದ ಹೊರಹೋಗುವಂತೆ ಮಾಡಲಾದವರಲ್ಲಿ 91 ಮಂದಿ ಸಲಿಂಗಪ್ರೇಮಿಗಳೆಂದು ತಿಳಿಸಿದನು. ಆ ವರ್ಷದ ಕೊನೆಗೆ ಸೆನೆಟ್‌ನ ಇನ್ನೊಂದು ಸಮಿತಿಯು ಇಂಥವರು ಸರಕಾರಿ ಸೇವೆಗೆ ಯೋಗ್ಯರಲ್ಲವೆಂದು ವರದಿ ಕೊಟ್ಟಿತು. 1953ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೆಯ ಆದೇಶವು ಲೈಂಗಿಕ ವಿಕೃತಿಯನ್ನು ಕೆಲಸದಿಂದ ತೆಗೆಯುವ ಕಾರಣಗಳ ಸಾಲಿಗೆ ಸೇರಿಸಿತು. ಮುಂದಿನ ಎರಡು ದಶಕಗಳಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು ಅಥವಾ ತಾವಾಗಿಯೇ ರಾಜೀನಾಮೆ ಕೊಟ್ಟರು.

ಈ ನೀತಿಗೆ ಕೊಟ್ಟ ಮುಖ್ಯ ಸಮರ್ಥನೆಯನ್ನು ಗಮನಿಸಬೇಕು. ಸಲಿಂಗಪ್ರೇಮಿಯು ತನ್ನ ಗುಟ್ಟು ಬಯಲಾಗುವುದೆಂಬ ಭಯದಲ್ಲಿರುತ್ತಾನೆ. ಆ ಭಯವನ್ನು ಬಳಸಿಕೊಂಡು ಶತ್ರುವು ಅವನಿಂದ ರಾಷ್ಟ್ರದ ರಹಸ್ಯಗಳನ್ನು ಹೊರಡಿಸಬಲ್ಲನು ಎಂಬುದೇ ಆ ವಾದ. ಇದಕ್ಕೆ ಸಮಿತಿಯು ಮುಂದಿಟ್ಟ ನಿದರ್ಶನ ಮೊದಲ ಮಹಾಯುದ್ಧಕ್ಕೆ ಹಿಂದಿನ ಆಸ್ಟ್ರಿಯದ ಸೇನಾಧಿಕಾರಿ ಆಲ್‌ಫ್ರೆಡ್ ರೆಡ್ಲ್ ಎಂಬವನದು. ವಾದದೊಳಗಿನ ದೋಷ ಸ್ಪಷ್ಟವಾಗಿದೆ. ಗುಟ್ಟು ಬಯಲಾದರೆ ಕೆಲಸ ಹೋಗುತ್ತದೆ ಎಂಬ ನಿಯಮವಿರುವುದರಿಂದಲೇ ಆ ಗುಟ್ಟು ಬೆದರಿಕೆಯ ಆಯುಧವಾಗುತ್ತದೆ. ನಿಯಮವನ್ನು ತೆಗೆದುಹಾಕಿದರೆ ಆಯುಧದ ಮೊನೆಯೂ ಬಹುಮಟ್ಟಿಗೆ ಮುರಿಯುತ್ತದೆ. ಭಯವನ್ನು ತಾನೇ ಹುಟ್ಟಿಸಿ, ಅನಂತರ ಭಯಪಟ್ಟವನನ್ನೇ ಅಪಾಯಕಾರಿಯೆಂದು ದೂರುವ ಈ ಕ್ರಮ ಸಭಾವಲಯಗಳಲ್ಲಿಯೂ ಅಪರಿಚಿತವಲ್ಲ.

ಫ್ರಾಂಕ್ ಕ್ಯಾಮೆನಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. 1957ರಲ್ಲಿ ಸೇನೆಯ ಭೂಪಟ ವಿಭಾಗಕ್ಕೆ ಸೇರಿದ ಅವನನ್ನು ಅದೇ ವರ್ಷ ಕೆಲಸದಿಂದ ತೆಗೆಯಲಾಯಿತು. ಅವನ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ವಿಚಾರಣೆಗೆ ತೆಗೆದುಕೊಳ್ಳಲೇ ಇಲ್ಲ. ಖಗೋಳಶಾಸ್ತ್ರಜ್ಞನಾಗಿ ಅವನ ವೃತ್ತಿಜೀವನ ಅಲ್ಲಿಗೆ ಮುಗಿಯಿತು. ಉಳಿದ ಆಯುಸ್ಸನ್ನೆಲ್ಲ ಅವನು ಈ ಅನ್ಯಾಯದ ವಿರುದ್ಧದ ಹೋರಾಟಕ್ಕೆ ಕೊಟ್ಟನು. 2009ರಲ್ಲಿ ಸರಕಾರದ ಸಿಬ್ಬಂದಿ ಇಲಾಖೆಯ ಮುಖ್ಯಸ್ಥ ಜಾನ್ ಬೆರಿ ಅವನಿಗೆ ಅಧಿಕೃತವಾಗಿ ಕ್ಷಮಾಪಣೆ ಸಲ್ಲಿಸಿದನು. ಆಗ ಕ್ಯಾಮೆನಿಗೆ ಎಂಬತ್ತು ದಾಟಿತ್ತು.

ತಿರುವು ತಂದುದು 1969ರ ಒಂದು ತೀರ್ಪು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಆಯವ್ಯಯ ವಿಶ್ಲೇಷಕನಾಗಿದ್ದ ಕ್ಲಿಫರ್ಡ್ ನಾರ್ಟನ್ ಎಂಬವನನ್ನು ಅನೈತಿಕ ನಡತೆಯ ಆರೋಪದ ಮೇಲೆ ತೆಗೆಯಲಾಗಿತ್ತು. ಅವನ ಕೆಲಸದ ಬಗ್ಗೆ ಮಾತ್ರ ಯಾವ ದೂರೂ ಇರಲಿಲ್ಲ. ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯವು ನೌಕರನ ಖಾಸಗಿ ನಡತೆಗೂ ಅವನ ಕರ್ತವ್ಯನಿರ್ವಹಣೆಗೂ ತರ್ಕಬದ್ಧವಾದ ಸಂಬಂಧವನ್ನು ತೋರಿಸದೆ ಅವನನ್ನು ವಜಾ ಮಾಡುವಂತಿಲ್ಲವೆಂದು ತೀರ್ಮಾನಿಸಿತು. ಆ ನಡತೆ ಒಳ್ಳೆಯದೆಂದು ನ್ಯಾಯಾಲಯ ಹೇಳಲಿಲ್ಲ. ನೈತಿಕ ತೀರ್ಪು ಬೇರೆ, ಉದ್ಯೋಗದ ತೀರ್ಪು ಬೇರೆ ಎಂದಷ್ಟೇ ಹೇಳಿತು. 1975ರಲ್ಲಿ ನಾಗರಿಕ ಸೇವಾ ಆಯೋಗವು ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ಖಾಸಗಿ ವಲಯವನ್ನೂ ಒಳಗೊಂಡ ರಕ್ಷಣೆ ದೇಶಾದ್ಯಂತ ಸ್ಥಿರವಾದುದು 2020ರ ಜೂನ್‌ನಲ್ಲಿ, ಬಾಸ್ಟಾಕ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನಿಂದ.

೨. ಕಾಣದ ತಡೆಗಳು

ವಜಾ ಮಾಡುವುದು ಕಣ್ಣಿಗೆ ಕಾಣುವ ಅನ್ಯಾಯ. ಇದಕ್ಕಿಂತ ವ್ಯಾಪಕವಾದವು ಕಡತದಲ್ಲಿ ದಾಖಲಾಗದ ತಡೆಗಳು. ಅವುಗಳಲ್ಲಿ ಮೂರನ್ನು ಬೇರ್ಪಡಿಸಿ ನೋಡಬಹುದು.

ಮೊದಲನೆಯದು ಬಾಗಿಲಲ್ಲಿಯೇ ಎದುರಾಗುವ ತಡೆ. ಸಮಾಜಶಾಸ್ತ್ರಜ್ಞ ಆಂಡ್ರಾಸ್ ಟಿಲ್ಚಿಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಏಳು ರಾಜ್ಯಗಳ 1,769 ಉದ್ಯೋಗ ಪ್ರಕಟಣೆಗಳಿಗೆ ಕಾಲ್ಪನಿಕ ಅರ್ಜಿಗಳನ್ನು ಜೋಡಿಯಾಗಿ ಕಳುಹಿಸಲಾಯಿತು. ಅರ್ಹತೆಯಲ್ಲಿ ಎರಡೂ ಸಮಾನ. ಒಂದರಲ್ಲಿ ಅಭ್ಯರ್ಥಿಯು ಕಾಲೇಜಿನಲ್ಲಿ ಸಲಿಂಗಪ್ರೇಮಿಗಳ ಸಂಘವೊಂದರ ಖಜಾಂಚಿಯಾಗಿದ್ದನೆಂದೂ ಇನ್ನೊಂದರಲ್ಲಿ ಬೇರೊಂದು ಸಂಘದ ಖಜಾಂಚಿಯಾಗಿದ್ದನೆಂದೂ ಇತ್ತು. ಸಂದರ್ಶನಕ್ಕೆ ಕರೆ ಬಂದುದು ಎರಡನೆಯ ಬಗೆಯವರಿಗೆ ಶೇಕಡಾ 11.5ರಷ್ಟು, ಮೊದಲನೆಯ ಬಗೆಯವರಿಗೆ ಶೇಕಡಾ 7.2ರಷ್ಟು. ದೃಢ, ಆಕ್ರಮಣಶೀಲ, ನಿರ್ಣಯಶಕ್ತಿಯುಳ್ಳ ಅಭ್ಯರ್ಥಿ ಬೇಕೆಂದು ಕೇಳಿದ್ದ ಸಂಸ್ಥೆಗಳಲ್ಲಿ ಈ ಅಂತರ ಇನ್ನೂ ಹೆಚ್ಚಿತ್ತು. ಅಂದರೆ ಅಲ್ಲಿ ಕೆಲಸ ಮಾಡಿದ್ದು ಗಂಡಸೆಂದರೆ ಹೀಗೆಯೇ ಇರಬೇಕೆಂಬ ಸಿದ್ಧಚಿತ್ರ.

ಎರಡನೆಯದು ಸಂಬಳದ್ದು. ಅರ್ಥಶಾಸ್ತ್ರಜ್ಞೆ ಲೀ ಬ್ಯಾಡ್ಜೆಟ್ 1995ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಮಾನ ವಿದ್ಯೆ, ಅನುಭವ, ವೃತ್ತಿಯುಳ್ಳ ಇತರ ಪುರುಷರಿಗಿಂತ ಪುರುಷರೊಂದಿಗೆ ಸಂಬಂಧವಿದ್ದ ಅಮೆರಿಕದ ಪುರುಷರು ಶೇಕಡಾ 11ರಿಂದ 27ರಷ್ಟು ಕಡಿಮೆ ಗಳಿಸುತ್ತಿದ್ದರು. ಇದೇ ವಿದುಷಿ 2014ರಲ್ಲಿ ವಿಶ್ವಬ್ಯಾಂಕಿಗಾಗಿ ಭಾರತವನ್ನು ಕುರಿತು ಮಾಡಿದ ಅಧ್ಯಯನದಲ್ಲಿ, ಇಂಥ ಕಳಂಕ ಮತ್ತು ಬಹಿಷ್ಕಾರದಿಂದ ದೇಶಕ್ಕಾಗುವ ನಷ್ಟವನ್ನು ಒಟ್ಟು ದೇಶೀಯ ಉತ್ಪನ್ನದ ಶೇಕಡಾ 0.1ರಿಂದ 1.7ರಷ್ಟೆಂದು ಅಂದಾಜು ಮಾಡಿದ್ದಾರೆ.

ಮೂರನೆಯದು ಮೌನದ ಬೆಲೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕವನ್ನು ಕುರಿತು ಬರೆಯುತ್ತಾ, ಕಳಂಕ ಹೊರಗೆ ಕಾಣುವವನಿಗೂ ಒಳಗೆ ಅಡಗಿರುವವನಿಗೂ ವ್ಯತ್ಯಾಸ ತೋರಿಸಿದನು. ಮೊದಲನೆಯವನು ಜನರ ತಿರಸ್ಕಾರವನ್ನು ನಿಭಾಯಿಸಬೇಕು. ಎರಡನೆಯವನು ತನ್ನನ್ನು ಕುರಿತ ಮಾಹಿತಿಯನ್ನೇ ಹಗಲಿರುಳು ಕಾಯಬೇಕು. ನಮ್ಮ ಕಚೇರಿಗಳಲ್ಲಿ ಈ ಕಾವಲು ಎಷ್ಟು ಭಾರವೆಂಬುದನ್ನು ಊಹಿಸುವುದು ಕಷ್ಟವಲ್ಲ. ಮದುವೆ ಯಾವಾಗ, ಹೆಣ್ಣು ನೋಡಿದ್ದಾರೆಯೇ, ಊಟ ಯಾರು ಮಾಡಿಕೊಡುತ್ತಾರೆ ಎಂಬ ಪ್ರಶ್ನೆಗಳು ನಮ್ಮಲ್ಲಿ ಕುಶಲೋಪರಿಯ ಭಾಗ. ಕೇಳುವವನಿಗೆ ಅದು ಅಕ್ಕರೆ. ಉತ್ತರಿಸಬೇಕಾದವನಿಗೆ ಪ್ರತಿದಿನದ ಅಗ್ನಿಪರೀಕ್ಷೆ. ಅವನು ಸಹೋದ್ಯೋಗಿಗಳ ಊಟದ ಮೇಜಿನಿಂದ ದೂರ ಸರಿಯುತ್ತಾನೆ. ದೂರ ಸರಿದವನಿಗೆ ಬೆರೆಯದವನೆಂಬ ಹೆಸರು ಬರುತ್ತದೆ. ಬೆರೆಯದವನಿಗೆ ನಾಯಕತ್ವದ ಹೊಣೆ ಸಿಗುವುದಿಲ್ಲ. ಹೀಗೆ ಯಾರೂ ತಡೆಯದೆಯೇ ಬಡ್ತಿ ತಡೆಯುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದಲ್ಲಿ ಬಹುಕಾಲ ದುಡಿದ ಲೇಖಕ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಪ್ರಕಟಿಸಿದ ಮೇಲೆ ಈ ಒಳಬದುಕು ಕನ್ನಡದ ಓದುಗರಿಗೆ ಅಪರಿಚಿತವಾಗಿ ಉಳಿದಿಲ್ಲ.

೩. ಭಾರತದ ಸ್ಥಿತಿ

ದೆಹಲಿ ಉಚ್ಚ ನ್ಯಾಯಾಲಯವು 2009ರ ಜುಲೈ 2ರಂದು ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧವನ್ನು ದಂಡಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅದಾದ ಏಳು ತಿಂಗಳಿಗೆ, 2010ರ ಫೆಬ್ರವರಿ 8ರ ರಾತ್ರಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರೂ ಕವಿಯೂ ಆಗಿದ್ದ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಮನೆಗೆ ಕೆಲವರು ಕ್ಯಾಮೆರಾ ಹಿಡಿದು ನುಗ್ಗಿದರು. ವಿಶ್ವವಿದ್ಯಾಲಯವು ಪ್ರಾಧ್ಯಾಪಕರನ್ನೇ ಅಮಾನತು ಮಾಡಿತು. ನಿವೃತ್ತಿಗೆ ಅವರಿಗೆ ಕೆಲವೇ ತಿಂಗಳುಗಳು ಉಳಿದಿದ್ದವು. ಏಪ್ರಿಲ್ 1ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ತಮ್ಮ ಬಾಡಿಗೆ ಮನೆಯಲ್ಲಿ ಶವವಾಗಿ ಕಂಡುಬಂದರು. ಕಾನೂನು ಅವರ ಪಕ್ಷದಲ್ಲಿತ್ತು. ಆದರೆ ಸಹೋದ್ಯೋಗ, ಮನೆ, ಮಾನ ಇವು ಕಾನೂನಿನ ಆದೇಶದಿಂದ ಹಿಂದಿರುಗುವಂಥವಲ್ಲ.

2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಈ ಪ್ರಶ್ನೆಯನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಇತ್ಯರ್ಥ ಮಾಡಿತು. ಅಪರಾಧದ ಹಣೆಪಟ್ಟಿ ಹೋಯಿತು. ಉದ್ಯೋಗದ ತಡೆ ಮಾತ್ರ ಹೋಗಲಿಲ್ಲ. ವಕೀಲ ಸೌರಭ್ ಕಿರ್ಪಾಲ್ ಅವರನ್ನು ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ನೇಮಿಸಬೇಕೆಂದು ಆ ನ್ಯಾಯಾಲಯದ ಕೊಲಿಜಿಯಂ 2017ರಲ್ಲಿಯೇ ಶಿಫಾರಸು ಮಾಡಿತ್ತು. ಸರ್ವೋಚ್ಚ ನ್ಯಾಯಾಲಯದ ಕೊಲಿಜಿಯಂ ಹಲವು ಬಾರಿ ನಿರ್ಣಯವನ್ನು ಮುಂದೂಡಿ, 2021ರ ನವೆಂಬರ್‌ನಲ್ಲಿ ಒಪ್ಪಿತು. ಕೇಂದ್ರ ಸರಕಾರವು ಕಡತವನ್ನು ಹಿಂದಿರುಗಿಸಿತು. 2023ರ ಜನವರಿಯಲ್ಲಿ ಕೊಲಿಜಿಯಂ ತನ್ನ ಶಿಫಾರಸನ್ನು ಪುನರುಚ್ಚರಿಸುತ್ತಾ ಸರಕಾರದ ಆಕ್ಷೇಪಗಳನ್ನು ಬಹಿರಂಗಪಡಿಸಿತು. ಅವರ ಸಂಗಾತಿ ಸ್ವಿಟ್ಜರ್‌ಲೆಂಡ್ ಪ್ರಜೆ ಎಂಬುದು ಒಂದು. ಅವರು ತಮ್ಮ ಒಲವನ್ನು ಮುಚ್ಚಿಡದೆ ಆ ಸಮುದಾಯದ ಹಕ್ಕುಗಳಿಗೆ ಗಾಢವಾಗಿ ಅಂಟಿಕೊಂಡಿದ್ದಾರೆಂಬುದು ಇನ್ನೊಂದು. ಮುಚ್ಚಿಡದಿರುವುದು ಅವರ ಹಿರಿಮೆಯೇ ಹೊರತು ದೋಷವಲ್ಲವೆಂದು ಕೊಲಿಜಿಯಂ ಉತ್ತರಿಸಿತು. ಇಲ್ಲೊಂದು ವಿಪರ್ಯಾಸವಿದೆ. 1950ರ ವಾಷಿಂಗ್ಟನ್‌ನಲ್ಲಿ ಗುಟ್ಟಾಗಿರುವವನು ಅಪಾಯಕಾರಿ ಎನ್ನಲಾಯಿತು. ದೆಹಲಿಯಲ್ಲಿ ಗುಟ್ಟಿಲ್ಲದಿರುವುದೇ ಆಕ್ಷೇಪಕ್ಕೆ ಕಾರಣವಾಯಿತು.

ಕಾನೂನಿನ ರಕ್ಷಣೆಯಲ್ಲಿಯೂ ಬಿರುಕುಗಳಿವೆ. ಸಂವಿಧಾನದ ಸಮಾನತೆಯ ವಿಧಿಗಳು ಮುಖ್ಯವಾಗಿ ಸರಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ಮಾಲೀಕನು ಲೈಂಗಿಕ ಒಲವಿನ ಕಾರಣದಿಂದ ನೌಕರನನ್ನು ತೆಗೆಯುವುದನ್ನು ನೇರವಾಗಿ ನಿಷೇಧಿಸುವ ಕೇಂದ್ರ ಕಾಯಿದೆ ಇಲ್ಲ. 2019ರ ಕಾಯಿದೆಯು ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡಕೂಡದೆನ್ನುತ್ತದೆ. ಕರ್ನಾಟಕವು 2021ರಲ್ಲಿ ಅವರಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನೂ ಕೊಟ್ಟಿದೆ. ಸಲಿಂಗಪ್ರೇಮಿ ಪುರುಷನು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ಕುರಿತ 2013ರ ಕಾಯಿದೆಯು ಮಹಿಳೆಯರ ರಕ್ಷಣೆಗಾಗಿಯೇ ರೂಪುಗೊಂಡದ್ದು. ಅವಾಚ್ಯ ಕುಚೋದ್ಯಕ್ಕೆ ಗುರಿಯಾದ ಪುರುಷನು ಅದರಡಿ ದೂರು ಕೊಡುವಂತಿಲ್ಲ.

೪. ಸಭೆಗಳು ಹೇಳಿರುವುದೇನು?

ಸಲಿಂಗ ಸಂಬಂಧವನ್ನು ಒಪ್ಪದ ಸಭೆಗಳೂ ಅನ್ಯಾಯದ ತಾರತಮ್ಯವನ್ನು ಖಂಡಿಸಿವೆ ಎಂಬುದನ್ನು ನಾವು ಮರೆಯಬಾರದು. ಬ್ರಿಟನ್ನಿನಲ್ಲಿ 1957ರ ವುಲ್ಫೆಂಡನ್ ವರದಿಯು ಈ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಬೇಕೆಂದಾಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ಅದನ್ನು ಬೆಂಬಲಿಸಿದರು. ಅವರ ಉತ್ತರಾಧಿಕಾರಿ ಮೈಕೆಲ್ ರಾಮ್ಸೆ 1965ರಲ್ಲಿ ಪ್ರಭುಗಳ ಸದನದಲ್ಲಿ ಅದರ ಪರವಾಗಿ ಮಾತನಾಡಿದರು. ಇಬ್ಬರೂ ಆ ನಡತೆಯನ್ನು ಪಾಪವೆಂದೇ ಎಣಿಸಿದ್ದರು. ಪಾಪವೆಲ್ಲವೂ ಅಪರಾಧವಲ್ಲವೆಂಬುದು ಅವರ ನಿಲುವಾಗಿತ್ತು. 1998ರ ಲ್ಯಾಂಬೆತ್ ಸಮ್ಮೇಳನವು ಸಲಿಂಗ ಸಂಬಂಧ ವೇದಕ್ಕೆ ಹೊಂದದೆಂದು ನಿರ್ಣಯಿಸಿದರೂ, ಅದೇ ನಿರ್ಣಯದಲ್ಲಿ ಇಂಥವರ ಬಗೆಗಿನ ವಿವೇಕಹೀನ ಭಯವನ್ನು ಖಂಡಿಸಿತು.

ಕಥೋಲಿಕ ಸಭೆಯ 1992ರ ಧರ್ಮೋಪದೇಶ ಗ್ರಂಥವು ತನ್ನ 2358ನೆಯ ಅಂಶದಲ್ಲಿ, ಇವರನ್ನು ಗೌರವದಿಂದ ಕಾಣಬೇಕೆಂದೂ ಅನ್ಯಾಯದ ತಾರತಮ್ಯದ ಸುಳಿವೂ ಇರಕೂಡದೆಂದೂ ಕಲಿಸುತ್ತದೆ. ಆದರೆ ಅದೇ ವರ್ಷ ರೋಮಿನ ವಿಶ್ವಾಸಬೋಧನಾ ಪೀಠವು ಹೊರಡಿಸಿದ ಟಿಪ್ಪಣಿಯೊಂದು, ಶಿಕ್ಷಕರ ನೇಮಕ, ಕ್ರೀಡಾ ತರಬೇತಿ, ಸೇನಾ ಭರ್ತಿ ಮುಂತಾದ ಕೆಲವು ಕ್ಷೇತ್ರಗಳಲ್ಲಿ ಒಲವನ್ನು ಪರಿಗಣಿಸುವುದು ಅನ್ಯಾಯವಲ್ಲವೆಂದಿತು. ಈ ಎರಡು ಮಾತುಗಳ ನಡುವಿನ ಬಿಗಿತವನ್ನು ಪ್ರಾಮಾಣಿಕ ವಿದ್ಯಾರ್ಥಿಯು ಕಡೆಗಣಿಸಲಾರನು. ‘ಅನ್ಯಾಯದ’ ಎಂಬ ವಿಶೇಷಣದ ಅರ್ಥವನ್ನು ಯಾರು, ಯಾವ ಅಳತೆಯಿಂದ ನಿಶ್ಚಯಿಸುತ್ತಾರೆ ಎಂಬುದೇ ಮುಂದಿನ ವಿಚಾರ.

೫. ವೇದದ ಅಳತೆ

ಸತ್ಯವೇದದಲ್ಲಿ ಕೂಲಿಯ ಪ್ರಶ್ನೆ ದೇವರ ಸನ್ನಿಧಿಯ ಪ್ರಶ್ನೆಯಾಗಿದೆ. ಬಡ ಕೂಲಿಯವನು ದಿನದ ಕೂಲಿಯ ಮೇಲೆಯೇ ಮನಸ್ಸಿಟ್ಟಿರುವುದರಿಂದ ಅದನ್ನು ಸೂರ್ಯಾಸ್ತದೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸುತ್ತದೆ (ಧರ್ಮೋಪದೇಶಕಾಂಡ 24:14-15). ಆ ಆಳು ಸ್ವದೇಶದವನಾದರೂ ಪರದೇಶದವನಾದರೂ ಒಂದೇ. ಹಕ್ಕು ಹುಟ್ಟುವುದು ಅವನ ದುಡಿಮೆಯಿಂದ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆಂದೂ ಆ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟುತ್ತದೆಂದೂ ಯಾಕೋಬನು ಎಚ್ಚರಿಸುತ್ತಾನೆ (ಯಾಕೋಬ 5:4).

ಯಜಮಾನನ ಮನಸ್ಸಾಕ್ಷಿಯನ್ನು ಯೋಬನ ಗ್ರಂಥದ 31ನೆಯ ಅಧ್ಯಾಯ ಇನ್ನೂ ಆಳವಾಗಿ ತೋಡುತ್ತದೆ. ತನ್ನ ದಾಸ ದಾಸಿಯರು ತನ್ನ ಮೇಲೆ ವ್ಯಾಜ್ಯ ಎತ್ತಿದಾಗ ಅವರ ನ್ಯಾಯವನ್ನು ತಾನು ತಳ್ಳಿಹಾಕಿದ್ದರೆ ದೇವರು ವಿಚಾರಿಸುವಾಗ ಏನು ಉತ್ತರ ಕೊಡಲೆಂದು ಯೋಬನು ಕೇಳಿಕೊಳ್ಳುತ್ತಾನೆ. ಅವನು ಕೊಡುವ ಕಾರಣ ಸೃಷ್ಟಿಯದು: ತನ್ನನ್ನು ಗರ್ಭದಲ್ಲಿ ರೂಪಿಸಿದವನೇ ಅವರನ್ನೂ ರೂಪಿಸಿದನು. ಆಳಿನ ಗುಣಾವಗುಣಗಳ ಲೆಕ್ಕ ಅಲ್ಲಿ ಬರುವುದೇ ಇಲ್ಲ. ದೇವಸ್ವರೂಪದಲ್ಲಿ ಸೃಷ್ಟಿಯಾದವನೆಂಬುದೊಂದೇ ಸಾಕು.

ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಐಥಿಯೋಪ್ಯ ದೇಶದ ಕಂಚುಕಿಯನ್ನು ಇಲ್ಲಿ ಎಚ್ಚರದಿಂದ ನೆನೆಯಬೇಕು. ಕಂಚುಕಿಯನ್ನು ಇಂದಿನ ಸಲಿಂಗಪ್ರೇಮಿಯೊಂದಿಗೆ ಸಮೀಕರಿಸುವುದು ಸರಿಯಾದ ವ್ಯಾಖ್ಯಾನವಲ್ಲ. ಆದರೂ ಪಠ್ಯದ ಒಂದು ಅಂಶ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಧರ್ಮಶಾಸ್ತ್ರವು ದೇವಜನರ ಸಭೆಗೆ ಸೇರಿಸದ ದೇಹಸ್ಥಿತಿಯವನಾಗಿದ್ದ ಈತನು ಕಂದಾಕೆ ರಾಣಿಯ ಸಮಸ್ತ ಭಂಡಾರದ ಮೇಲಧಿಕಾರಿಯಾಗಿದ್ದನು. ಲೂಕನು ಅವನ ಹುದ್ದೆಯನ್ನು ಸಂಕೋಚವಿಲ್ಲದೆ, ಗೌರವದಿಂದ ದಾಖಲಿಸುತ್ತಾನೆ. ಫಿಲಿಪ್ಪನು ಅವನಿಗೆ ಹುದ್ದೆ ಬಿಡಲು ಹೇಳಲಿಲ್ಲ. ರಥ ಹತ್ತಿ ಪಕ್ಕದಲ್ಲಿ ಕುಳಿತನು.

ಮೂರನೆಯ ಅಳತೆ ಸತ್ಯದ್ದು. ನೆರೆಯವನೊಂದಿಗೆ ಸತ್ಯವನ್ನೇ ಆಡಬೇಕೆಂದು ಎಫೆಸದವರಿಗೆ ಬರೆದ ಪತ್ರಿಕೆಯು ಕಲಿಸುತ್ತದೆ (4:25). ಸತ್ಯ ನುಡಿದವನ ಅನ್ನ ಕಸಿದು, ಸುಳ್ಳು ಹೇಳಿದವನಿಗೆ ಸಂಬಳ ಕೊಡುವ ಸಂಸ್ಥೆಯು ತನ್ನ ನೌಕರರನ್ನು ಆ ಉಪದೇಶಕ್ಕೆ ವಿರುದ್ಧವಾಗಿ ನಡೆಸುತ್ತಿದೆ. ಅದು ಕ್ರೈಸ್ತ ಸಂಸ್ಥೆಯಾಗಿದ್ದರೆ ದೋಷ ಇಮ್ಮಡಿಯಾಗುತ್ತದೆ.

೬. ಸಂಚಾಲಕನ ಮೇಜಿನ ಮೇಲೆ

ಈ ತತ್ತ್ವಗಳು ಆಚರಣೆಯಲ್ಲಿ ಹೇಗೆ ನಿಲ್ಲುತ್ತವೆಂಬುದನ್ನು ಒಂದು ಊಹಾಪ್ರಸಂಗದಿಂದ ಪರೀಕ್ಷಿಸೋಣ. ಸಭೆಯ ಪ್ರೌಢಶಾಲೆಯೊಂದರಲ್ಲಿ ಹನ್ನೆರಡು ವರ್ಷ ಗಣಿತ ಕಲಿಸಿದ ಅವಿವಾಹಿತ ಅಧ್ಯಾಪಕನೊಬ್ಬನಿದ್ದಾನೆ. ಮುಖ್ಯೋಪಾಧ್ಯಾಯರ ಹುದ್ದೆಗೆ ಅವನ ಸರದಿ ಬಂದಿದೆ. ಆ ವಾರವೇ ಸಂಚಾಲಕರ ಮೇಜಿಗೆ ಒಂದು ಮೂಗರ್ಜಿ ಬರುತ್ತದೆ. ಅವನು ‘ಅಂಥವನು’ ಎಂದಷ್ಟೇ ಅದರಲ್ಲಿದೆ. ಸಂಚಾಲಕರೇನು ಮಾಡಬೇಕು?

ಮೊದಲು ಆರೋಪದ ಸ್ವರೂಪವನ್ನು ಬೇರ್ಪಡಿಸಬೇಕು. ಮಗುವಿಗೆ ಹಾನಿಯಾಗಿದೆಯೆಂಬ ಮಾಹಿತಿಯಿದ್ದರೆ 2012ರ ಪೋಕ್ಸೊ ಕಾಯಿದೆಯಂತೆ ತಡವಿಲ್ಲದೆ ವರದಿ ಮಾಡಬೇಕು. ಅದರಲ್ಲಿ ವಿವಾಹಿತ, ಅವಿವಾಹಿತ, ಒಲವು ಯಾವುದೆಂಬ ಭೇದವಿಲ್ಲ. ಆದರೆ ವಯಸ್ಕನೊಬ್ಬನ ಒಲವನ್ನೇ ಮಕ್ಕಳಿಗೆ ಅಪಾಯವೆಂದು ಭಾವಿಸುವುದು ಆಧಾರವಿಲ್ಲದ ಅಪವಾದ. ಅದು ಸುಳ್ಳುಸಾಕ್ಷಿಯ ನಿಷೇಧಕ್ಕೆ ಒಳಪಡುತ್ತದೆ. ಎರಡನೆಯದಾಗಿ, ನಾರ್ಟನ್ ತೀರ್ಪಿನ ಪ್ರಶ್ನೆಯನ್ನು ಕೇಳಬೇಕು: ಇಲ್ಲಿ ಹೇಳಿರುವುದಕ್ಕೂ ಅವನ ಪಾಠಕ್ಕೂ ಆಡಳಿತ ಸಾಮರ್ಥ್ಯಕ್ಕೂ ಸಂಬಂಧವೇನು? ಸಂಬಂಧವಿಲ್ಲದಿದ್ದರೆ ಆ ಕಾಗದಕ್ಕೆ ಕಡತದಲ್ಲಿ ಸ್ಥಳವಿಲ್ಲ. ಮೂರನೆಯದಾಗಿ, ಸಮಾನತೆಯ ಪರೀಕ್ಷೆ. ವರದಕ್ಷಿಣೆ ಪಡೆದವನನ್ನು, ಹೆಂಡತಿಯನ್ನು ಹೊಡೆಯುವವನನ್ನು, ಬಡ್ಡಿ ಸುಲಿಯುವವನನ್ನು ಕುರಿತು ಇದೇ ಸಂಸ್ಥೆ ಎಂದಾದರೂ ವಿಚಾರಣೆ ನಡೆಸಿದೆಯೇ? ಆ ಪಾಪಗಳ ಮುಂದೆ ಸುಮ್ಮನಿದ್ದು ಈ ಒಂದರ ಮುಂದೆ ಮಾತ್ರ ಎಚ್ಚರಗೊಳ್ಳುವ ಶಿಸ್ತು ಪಾವಿತ್ರ್ಯದ ಶಿಸ್ತಲ್ಲ, ಅದು ತಾರತಮ್ಯ.

ಇಲ್ಲಿ ಒಂದು ಆಕ್ಷೇಪ ಬರಬಹುದು. ತನ್ನ ಬೋಧನೆಗೆ ಅನುಗುಣವಾಗಿ ಸಂಸ್ಥೆಗಳನ್ನು ನಡೆಸುವ ಹಕ್ಕು ಸಭೆಗೆ ಇಲ್ಲವೇ? ಇದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣಸಂಸ್ಥೆಗಳ ಆಡಳಿತದ ಹಕ್ಕನ್ನು ಕೊಟ್ಟಿದೆ. ವಾಕ್ಯಸೇವೆಗೆ, ಸಂಸ್ಕಾರಗಳ ಸೇವೆಗೆ ನೇಮಿಸುವಾಗ ಸಭೆಯು ತನ್ನ ವಿಶ್ವಾಸದ ನಿಯಮವನ್ನು ಅನ್ವಯಿಸುವುದು ಸಹಜ. ಆ ಚರ್ಚೆ ಬೇರೆ. ಆದರೆ ಗಣಿತದ ಅಧ್ಯಾಪಕ, ಆಸ್ಪತ್ರೆಯ ದಾದಿ, ಕಚೇರಿಯ ಗುಮಾಸ್ತ ಇವರ ಅನ್ನವನ್ನು ಆ ಚರ್ಚೆಯ ಒತ್ತೆಯಾಗಿ ಇಡಬಾರದು. ಅಲ್ಪಸಂಖ್ಯಾತರೆಂಬ ಕಾರಣದಿಂದ ರಕ್ಷಣೆ ಪಡೆದ ನಾವು, ನಮ್ಮ ಆವರಣದೊಳಗಿನ ಇನ್ನೊಂದು ಅಲ್ಪಸಂಖ್ಯೆಗೆ ಅದೇ ರಕ್ಷಣೆಯನ್ನು ನಿರಾಕರಿಸುವುದು ಆ ಹಕ್ಕಿಗೆ ತಕ್ಕ ನಡತೆಯೂ ಅಲ್ಲ.

ಸಭಾಪಾಲಕನ ಹೊಣೆ ಇಷ್ಟಕ್ಕೇ ಮುಗಿಯುವುದಿಲ್ಲ. ಆರಾಧನೆಯಲ್ಲಿ ಕುಳಿತ ಕುಟುಂಬಗಳಲ್ಲಿ ಇಂಥ ಮಕ್ಕಳಿದ್ದಾರೆ. ಕೆಲಸ ಕಳೆದುಕೊಂಡವನು ಕಾರಣ ಹೇಳಲಾರದೆ ಮನೆಗೆ ಹಿಂದಿರುಗುವುದುಂಟು. ಅವನ ಗುಟ್ಟನ್ನು ಕಾಯುವುದು, ಅವನ ಕಾನೂನುಬದ್ಧ ಪರಿಹಾರವನ್ನು ತಿಳಿಸಿಕೊಡುವುದು, ಮದುವೆಯೇ ಮದ್ದೆಂದು ಅವಸರ ಪಡಿಸದಿರುವುದು, ಅವನ ತಾಯಿತಂದೆಯರ ಪಕ್ಕದಲ್ಲಿ ಕುಳಿತುಕೊಳ್ಳುವುದು ಇವೆಲ್ಲವೂ ಪಾಲನಾಸೇವೆಯೇ. ಇವುಗಳಲ್ಲಿ ಯಾವುದಕ್ಕೂ ಸಲಿಂಗ ಸಂಬಂಧದ ನೈತಿಕತೆಯನ್ನು ಕುರಿತ ತೀರ್ಮಾನ ಮೊದಲು ಆಗಬೇಕಾಗಿಲ್ಲ. ಗಾಯಗೊಂಡು ದಾರಿಯಲ್ಲಿ ಬಿದ್ದವನ ನಂಬಿಕೆಯನ್ನು ವಿಚಾರಿಸದೆ ಸಮಾರ್ಯದವನು ಅವನ ಗಾಯ ಕಟ್ಟಿದನು. ವಸತಿಗೃಹದ ಖರ್ಚನ್ನೂ ತಾನೇ ಕೊಟ್ಟನು.